ಯಾರ ಫೋನು?



ಬಾಗಿಲು ಬಡಿದರೆ ‘ಯಾರದು?’ ಎಂದು ಕೇಳಿಯೇ ಅಗುಳಿ ತೆಗೆಯುವುದು ಮನೆಮನೆಯ ರೂಢಿ. ಟೆಲಿಫೋನಿಗೆ ಬಹುಕಾಲ ಈ ಸೌಕರ್ಯ ಇರಲಿಲ್ಲ. ರಿಸೀವರ್ ಎತ್ತಿದ ಮೇಲೆಯೇ ಅತ್ತ ಕಡೆಯವರು ಯಾರೆಂದು ತಿಳಿಯುತ್ತಿತ್ತು.

ಅಮೆರಿಕದ ಮನೆಗಳಲ್ಲಿ ಇದಕ್ಕೆ ಮೊದಲು ಸಿಕ್ಕ ಉಪಾಯ ಆನ್ಸರಿಂಗ್ ಮೆಷಿನ್. ಯಾರೂ ಎತ್ತದಿದ್ದರೆ ಅದು ಕರೆದವರ ಮಾತನ್ನು ಟೇಪಿನಲ್ಲಿ ಹಿಡಿದಿಡುತ್ತಿತ್ತು. ಪಕ್ಕದಲ್ಲಿದ್ದವರು ದನಿ ಕೇಳಿ, ಬೇಕಾದವರಾದರೆ ರಿಸೀವರ್ ಎತ್ತುತ್ತಿದ್ದರು. ಮುಂದೆ ವಾಯ್ಸ್ ಮೇಲ್ ಬಂದು, ಮಾತು ಮನೆಯ ಪೆಟ್ಟಿಗೆಯ ಬದಲು ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯತೊಡಗಿತು. 1980ರ ದಶಕದ ಕೊನೆಯಲ್ಲಿ ‘ಕಾಲರ್ ಐಡಿ’ ಮನೆಗಳಿಗೆ ಬಂತು. ಅಲ್ಲಿನ ಪದ್ಧತಿಯಲ್ಲಿ ಮೊದಲ ಮತ್ತು ಎರಡನೆಯ ಗಂಟೆಯ ನಡುವಿನ ಬಿಡುವಿನಲ್ಲಿ ಎಕ್ಸ್‌ಚೇಂಜು ಕರೆದವರ ನಂಬರನ್ನು ಸಂಕೇತವಾಗಿ ಕಳಿಸುತ್ತಿತ್ತು. ಎರಡೂ ಸೌಲಭ್ಯವಿದ್ದ ಮೆಷಿನ್‌ನಲ್ಲಿ, ಮಾತನಾಡದೆ ಫೋನಿಟ್ಟವರ ನಂಬರೂ ಉಳಿಯುತ್ತಿತ್ತು.

ಆ ಮೆಷಿನ್‌ಗಳಲ್ಲಿ ಇನ್ನೊಂದು ಜಾಣತನವಿತ್ತು. ಹೊಸ ಸಂದೇಶವಿದ್ದರೆ ಎರಡು ಗಂಟೆಗೆ, ಇಲ್ಲದಿದ್ದರೆ ನಾಲ್ಕು ಗಂಟೆಗೆ ಕರೆ ಎತ್ತಿಕೊಳ್ಳುವಂತೆ ಹೊಂದಿಸಬಹುದಿತ್ತು. ಹೊರಗಿನಿಂದ ಕರೆ ಮಾಡಿದ ಯಜಮಾನ ಮೂರನೆಯ ಗಂಟೆ ಕೇಳಿದೊಡನೆ ಫೋನಿಟ್ಟು ದುಡ್ಡು ಉಳಿಸುತ್ತಿದ್ದ.

ಇದೇ ಲೆಕ್ಕಾಚಾರ ನಮ್ಮಲ್ಲಿ ‘ಮಿಸ್ಡ್ ಕಾಲ್’ ಆಯಿತು. ಸಿ-ಡಾಟ್ ಸಂಸ್ಥೆ ಭಾರತದಲ್ಲೇ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಆದರೆ ಕರೆದವರ ನಂಬರು ಹಳ್ಳಿಹಳ್ಳಿಗೂ ಕಾಣಿಸಿದ್ದು ಮೊಬೈಲಿನಿಂದ. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಯಾದಗಿರಿ ಸೀಮೆಯ ಮುದನಾಳದಂಥ ಊರುಗಳಿಗೆ ಟೇಪು, ಮೆಷಿನ್ ಯಾವುದೂ ಬೇಕಾಗಲಿಲ್ಲ. ಬೆಂಗಳೂರಿಗೋ ಮುಂಬೈಗೋ ಗುಳೆ ಹೋದ ಮಗನ ನಂಬರಿನಿಂದ ಒಂದು ಗಂಟೆ ಬಂದರೆ ‘ಮುಟ್ಟಿದೆ’ ಎಂದರ್ಥ. ಎರಡು ಬಾರಿ ಬಂದರೆ ‘ತಿರುಗಿ ಮಾಡು’. ಅರ್ಥ ಆಯಾ ಮನೆಯವರ ಒಪ್ಪಂದ.

ಆದರೆ ಒಂದು ಎಚ್ಚರ ಬೇಕು. ನಂಬರು ಹೇಳುವುದು ಯಾವ ಫೋನೆಂದು ಮಾತ್ರ, ಮಾತನಾಡುವವರು ಯಾರೆಂದಲ್ಲ. ನಂಬರನ್ನೇ ನಕಲಿಯಾಗಿ ತೋರಿಸುವ ವಿದ್ಯೆ ಮೋಸಗಾರರಿಗೆ ಗೊತ್ತು. ಹಿಂದೆ ಟೇಪಿನ ದನಿ ಕೇಳಿ ಗುರುತು ಹಿಡಿಯುತ್ತಿದ್ದರು. ಈಗ ದನಿಯನ್ನೂ ಕಂಪ್ಯೂಟರ್ ಅನುಕರಿಸಬಲ್ಲದು.

ಆದ್ದರಿಂದ ಮಗನ ಹೆಸರಿನಲ್ಲೋ ಪೊಲೀಸರ ಹೆಸರಿನಲ್ಲೋ ಯಾರಾದರೂ ಅವಸರದಿಂದ ಹಣ ಕೇಳಿದರೆ ಫೋನಿಟ್ಟುಬಿಡಬೇಕು. ಮಗನ ನಂಬರಿಗೆ, ಇಲ್ಲವೇ ಠಾಣೆಗೆ ತಾವೇ ಕರೆ ಮಾಡಿ ವಿಚಾರಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಬಾಗಿಲಲ್ಲಿ ಕೇಳುವ ‘ಯಾರದು?’ ಎಂಬ ಪ್ರಶ್ನೆಯನ್ನು ಫೋನಿನಲ್ಲಿ ಕೇಳಲು ಸಂಕೋಚವೇಕೆ?