ಅರಗಿನ ಮುದ್ರೆ



ಕುಷ್ಟಗಿಗೆ ರೈಲು ಬಂದುದು 2025ರ ಮೇ ತಿಂಗಳಿನಲ್ಲಿ. ಗಂಟುಮೂಟೆ ಕಟ್ಟಿಕೊಂಡು ಬಸ್ಸಿನಲ್ಲಿಯೇ ಗುಳೆ ಹೊರಡುತ್ತಿದ್ದ ನಮ್ಮ ಸೀಮೆಯ ಜನಕ್ಕೆ ರೈಲೆಂಬುದು ಇನ್ನೂ ಹೊಸ ಸಂಭ್ರಮವಾಗಿರುವ ಈ ಹೊತ್ತಿನಲ್ಲಿ, ರೈಲಿನಲ್ಲಿ ಸಿಡಿದ ಬಾಂಬುಗಳ ವಿಚಾರವನ್ನೆತ್ತಿ ಹನುಮಸಾಗರದ ಈ ಗೋಷ್ಠಿಯನ್ನು ಆರಂಭಿಸಲು ನನಗೆ ಸಂಕೋಚವುಂಟು. ಆದರೆ ಅದೇ ವರ್ಷದ ಜುಲೈ 21ರಂದು ಮುಂಬಯಿ ಉಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನ ತರುವಾಯ, ನ್ಯಾಯವಿಜ್ಞಾನದ ಸಾಕ್ಷ್ಯವನ್ನು ಕುರಿತು ಮಾತನಾಡಲು ನಿಂತವನಿಗೆ ಬೇರೆ ಆರಂಭ ತೋಚದು.

2006ರ ಜುಲೈ 11ರ ಸಂಜೆ, ಕಚೇರಿಗಳು ಬಿಟ್ಟು ಜನ ಮನೆಯ ಕಡೆ ಮುಖಮಾಡಿದ ವೇಳೆಯಲ್ಲಿ, ಮುಂಬಯಿಯ ಪಶ್ಚಿಮ ಮಾರ್ಗದ ಲೋಕಲ್ ರೈಲುಗಳ ಮೊದಲ ದರ್ಜೆಯ ಡಬ್ಬಿಗಳಲ್ಲಿ ಸುಮಾರು 11 ನಿಮಿಷಗಳೊಳಗಾಗಿ 7 ಬಾಂಬುಗಳು ಸಿಡಿದು, 180ಕ್ಕೂ ಹೆಚ್ಚು ಮಂದಿ ಮಡಿದರು. 2015ರಲ್ಲಿ ವಿಶೇಷ ನ್ಯಾಯಾಲಯವು 12 ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿ, ಐವರಿಗೆ ಮರಣದಂಡನೆಯನ್ನೂ ಏಳು ಮಂದಿಗೆ ಜೀವಾವಧಿ ಸೆರೆಯನ್ನೂ ವಿಧಿಸಿತು. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಅನಿಲ್ ಕಿಲೋರ್, ಶ್ಯಾಮ್ ಚಾಂಡಕ್ ಅವರ ಪೀಠವು ಆ ಹನ್ನೆರಡು ಮಂದಿಯನ್ನೂ ದೋಷಮುಕ್ತಗೊಳಿಸಿದಾಗ, ಅವರಲ್ಲೊಬ್ಬರು ನಾಲ್ಕು ವರ್ಷಗಳ ಹಿಂದೆಯೇ ಸೆರೆಯಲ್ಲಿ ತೀರಿಹೋಗಿದ್ದರು. ಮೂರು ದಿನಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು, ಬಿಡುಗಡೆಯಾದವರು ಮರಳಿ ಸೆರೆಗೆ ಹೋಗಬೇಕಾಗಿಲ್ಲವೆಂದೂ, ಆದರೆ ಈ ತೀರ್ಪನ್ನು ಪೂರ್ವನಿದರ್ಶನವಾಗಿ ಗಣಿಸತಕ್ಕದ್ದಲ್ಲವೆಂದೂ ಆದೇಶಿಸಿತು. ಅಪರಾಧಿ ಯಾರೆಂಬ ಅಂತಿಮ ಮಾತನ್ನು ನಾವು ಇಲ್ಲಿ ಆಡುವಂತಿಲ್ಲ, ಆಡಲೂಬಾರದು.

ನಾವು ವಿಚಾರಿಸಬೇಕಾದುದು ಬಹು ಸಣ್ಣದೊಂದು ವಸ್ತುವನ್ನು: ಅರಗಿನ ಮುದ್ರೆಯನ್ನು. ಜಪ್ತಿಯಾದ ಪದಾರ್ಥವನ್ನು ಪಂಚರ ಸಮಕ್ಷಮದಲ್ಲಿ ಪೊಟ್ಟಣ ಕಟ್ಟಿ, ಅರಿವೆಯಲ್ಲಿ ಹೊಲಿದು, ದಾರದ ಗಂಟಿನ ಮೇಲೆ ಅರಗನ್ನು ಕರಗಿಸಿ ಬಿಟ್ಟು, ಅದು ಆರುವ ಮೊದಲೇ ಮೊಹರೊತ್ತಿ, ಚೀಟಿಗೆ ಸಹಿ ಪಡೆದು, ಮುದ್ದೆಮಾಲಿನ ವಹಿಯಲ್ಲಿ ದಾಖಲಿಸುವ ಕ್ರಮವನ್ನು ಇಲ್ಲಿ ಕುಳಿತ ವಕೀಲರೆಲ್ಲ ಬಲ್ಲರು; ಬಲ್ಲುದರಿಂದಲೇ ಅದನ್ನು ಹಗುರವಾಗಿ ಕಾಣುವುದೂ ಉಂಟು. ಪ್ರಯೋಗಾಲಯದ ರಸಾಯನಜ್ಞನು ಪೊಟ್ಟಣದಲ್ಲಿರುವುದು ಆರ್‌ಡಿಎಕ್ಸ್ ಎಂದು ನಿಸ್ಸಂದೇಹವಾಗಿ ಹೇಳಬಲ್ಲನು; ಆದರೆ ಅದು ಯಾರ ಮನೆಯಿಂದ ಬಂದಿತು, ದಾರಿಯಲ್ಲಿ ಯಾರ ಕೈ ಸೋಂಕಿತು ಎಂಬುದನ್ನು ಅವನು ಹೇಳಲಾರನು. ಅದನ್ನು ಹೇಳಬೇಕಾದುದು ಆ ಅರಗು, ಆ ಚೀಟಿ, ಆ ವಹಿ. ಮುಂಬಯಿಯ ಮೊಕದ್ದಮೆಯಲ್ಲಿ ಸ್ಫೋಟಕ, ಸರ್ಕ್ಯೂಟ್ ಬೋರ್ಡು ಮೊದಲಾದುವುಗಳ ಜಪ್ತಿಯನ್ನು ಉಚ್ಚ ನ್ಯಾಯಾಲಯವು ನೆಚ್ಚದೆ ಹೋದುದು, ಮುದ್ರೆಯೂ ಸುಪರ್ದೂ ಕೆಟ್ಟಿದ್ದುದರಿಂದ. ಇದಕ್ಕಿಂತ ಕಳವಳಕಾರಿಯಾದುದು, ಸಿಡಿದ ಬಾಂಬು ಯಾವ ಬಗೆಯದೆಂಬುದನ್ನೇ ಅಭಿಯೋಜನೆಯು ದಾಖಲೆಗೆ ತರಲಿಲ್ಲವೆಂಬ ನ್ಯಾಯಾಲಯದ ಅಭಿಪ್ರಾಯ.

ಇದು ದೂರದ ಊರಿನ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಆ ಆರೋಪಿಗಳಲ್ಲಿ ಕೆಲವರನ್ನು 2006ರಲ್ಲಿ ಮಂಪರು ಪರೀಕ್ಷೆಗಾಗಿ ಕರೆತಂದುದು ನಮ್ಮ ಬೆಂಗಳೂರಿಗೆ. ನರದೊಳಕ್ಕೆ ಮದ್ದನ್ನಿಳಿಸಿ, ಅರೆಪ್ರಜ್ಞೆಯಲ್ಲಿ ತೊದಲಿದುದನ್ನು ವಿಜ್ಞಾನವೆಂದು ಕರೆದ ಆ ಕಾಲವನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಒಪ್ಪಿಗೆಯಿಲ್ಲದ ಅಂತಹ ಪರೀಕ್ಷೆಯು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ಸಾರಿದ ಮೊಕದ್ದಮೆಯ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಪರದೇಶದ ಪ್ರಯೋಗಾಲಯಗಳೂ ಪ್ರಮಾದಕ್ಕೆ ಹೊರತಲ್ಲ. 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟಗಳ ತನಿಖೆಯಲ್ಲಿ, ಸಿಡಿಮದ್ದಿನ ಕೀಲುಗಳಿದ್ದ ಚೀಲದ ಮೇಲಿನ ಬೆರಳಚ್ಚು ಆರೆಗನ್ನಿನ ವಕೀಲನೊಬ್ಬನದೆಂದು ಅಮೆರಿಕದ ಎಫ್‌ಬಿಐ ನಿಶ್ಚಯಿಸಿ ಆತನನ್ನು ಎರಡು ವಾರ ಬಂಧನದಲ್ಲಿಟ್ಟಿತು. ಸ್ಪೇನಿನ ಪೊಲೀಸರು ಮೊದಲಿನಿಂದಲೂ ಸಂಶಯಪಟ್ಟು, ಕಡೆಗೆ ಅದು ಅಲ್ಜೀರಿಯಾದವನೊಬ್ಬನದೆಂದು ತೋರಿಸಿದ ಮೇಲೆ ಎಫ್‌ಬಿಐ ಕ್ಷಮೆ ಕೇಳಿತು. ಹಾಗೆಂದು, ಸರಕಾರದ ಹೇಳಿಕೆಯಲ್ಲಿ ಒಂದು ಬಿರುಕು ಕಂಡೊಡನೆ ಅದರೊಳಗೆ ಮನಸ್ಸಿಗೆ ಬಂದ ಕಥೆಯನ್ನು ತುರುಕುವವರೊಡನೆ ನಾನಿಲ್ಲ. ಸಂಶಯಕ್ಕೂ ಆಧಾರ ಬೇಕು.

ಮಡಿದವರ ಮನೆಯವರು ಹತ್ತೊಂಬತ್ತು ವರ್ಷ ಕಾದು ಪಡೆದುದು ಉತ್ತರವನ್ನಲ್ಲ, ಮತ್ತೊಂದು ಕಾಯುವಿಕೆಯನ್ನು. ಆದುದರಿಂದ ವಕೀಲ ಬಂಧುಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ನಾಳೆ ತಾಲೂಕು ನ್ಯಾಯಾಲಯದಲ್ಲಿ ನಿಮ್ಮ ಮುಂದೆ ಮುದ್ದೆಮಾಲಿನ ಪೊಟ್ಟಣವನ್ನು ತಂದಿಟ್ಟಾಗ, ಅದು ಕಳವಿನದಾಗಿರಲಿ ಕೊಲೆಯದಾಗಿರಲಿ, ಪ್ರಯೋಗಾಲಯದ ವರದಿಯನ್ನು ಬಿಡಿಸುವುದಕ್ಕೆ ಮುಂಚೆ ಆ ಗಂಟಿನ ಮೇಲಿನ ಅರಗನ್ನು ಕಣ್ಣಾರೆ ನೋಡಿರಿ.