‘ಜರ್ಮನಿಸ್ತಾನ್’: ಬೆಂಗಳೂರಿನ ಲಯದೊಂದಿಗೆ ಹುಟ್ಟಿದ ಚೊಚ್ಚಲ ಧ್ವನಿಮುದ್ರಿಕೆ

1982ರಲ್ಲಿ ‘ಡಿಸಿಡೆಂಟನ್’ ಎಂಬ ಜರ್ಮನ್ ತಂಡವು ಹೊರತಂದ ‘ಜರ್ಮನಿಸ್ತಾನ್’ ಎಂಬ ಮೊದಲ ಧ್ವನಿಮುದ್ರಿಕೆಯಲ್ಲಿ ತಂಡದ ಹೆಸರಿನ ಜೊತೆಗೆ ಬೆಂಗಳೂರಿನ ಸಂಸ್ಥೆಯೊಂದರ ಹೆಸರೂ ಇದೆ. ಅದು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ, ಲಯವಾದ್ಯಗಳ ಶಿಕ್ಷಣಕ್ಕೇ ಮೀಸಲಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಹುಡುಕಿ ತೆಗೆದು ಕೇಳುವ ಶ್ರದ್ಧೆಗೆ ‘ಜರ್ಮನಿಸ್ತಾನ್’ ಅರ್ಹವಾದುದು.

ಈ ಮುದ್ರಿಕೆಯ ಬೇರು ಮ್ಯೂನಿಕ್ ನಗರದಲ್ಲಿದೆ. ಕ್ರಿಸ್ಟಿಯನ್ ಬುರ್ಖಾರ್ಡ್ 1969ರಲ್ಲಿ ಕಟ್ಟಿದ ‘ಎಂಬ್ರಿಯೊ’ ತಂಡವು ‘ಕ್ರೌಟ್‌ರಾಕ್’ ಎಂದು ಕರೆಯಲಾಗುವ, ಅಮೆರಿಕ ಮತ್ತು ಇಂಗ್ಲೆಂಡಿನ ಮಾದರಿಗಳನ್ನು ಬಿಟ್ಟು ಸ್ವಂತ ದಾರಿ ಅರಸಿದ ಜರ್ಮನ್ ಪ್ರಯೋಗಶೀಲ ರಾಕ್ ಧಾರೆಗೆ ಸೇರಿತ್ತು; ದೊಡ್ಡ ಕಂಪನಿಗಳ ಹಂಗಿಲ್ಲದೆ ಮುದ್ರಿಕೆ ಹೊರತರಲು 1976ರಲ್ಲಿ ಸಂಗೀತಗಾರರೇ ಸೇರಿ ಆರಂಭಿಸಿದ, ಮುಂದೆ ‘ಶ್ನೇಬಾಲ್’ ಎಂದು ಹೆಸರಾದ ಸಂಸ್ಥೆಯಲ್ಲಿಯೂ ಅದು ಪಾಲುದಾರನಾಗಿತ್ತು. 1978–79ರಲ್ಲಿ ಈ ತಂಡವು ಅಫ್ಘಾನಿಸ್ತಾನದ ಮೂಲಕ ಭಾರತದವರೆಗೆ ರಸ್ತೆಯಲ್ಲಿಯೇ ಪ್ರಯಾಣ ಬೆಳೆಸಿ, ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರೊಂದಿಗೆ ನುಡಿಸಿತು. ಎಂಬ್ರಿಯೊದಿಂದ ಹೊರಬಂದ ಊವೆ ಮ್ಯುಲ್ರಿಖ್, ಫ್ರೀಡೊ ಯೋಶ್ ಮೊದಲಾದವರು ಡ್ರಮ್ ವಾದಕ ಮಾರ್ಲನ್ ಕ್ಲೈನ್ ಜೊತೆಗೂಡಿ 1981ರಲ್ಲಿ ಡಿಸಿಡೆಂಟನ್ ಕಟ್ಟಿದರು.

ಹೊಸ ತಂಡವೊಂದು ತನ್ನ ಮೊದಲ ಮುದ್ರಿಕೆಗೇ ಬೆಂಗಳೂರಿನ ಲಯಗಾರರನ್ನು ಜೊತೆಗೆ ಕರೆದುದೇಕೆ ಎಂಬುದಕ್ಕೆ ಉತ್ತರವು ಕರ್ನಾಟಕ ಸಂಗೀತದ ತಾಳವ್ಯವಸ್ಥೆಯಲ್ಲಿಯೇ ಇದೆ. ರಾಕ್ ಸಂಗೀತ ಬಹುಮಟ್ಟಿಗೆ ನಾಲ್ಕರ ಎಣಿಕೆಯಲ್ಲಿ ಸಾಗುತ್ತದೆ. ಇಲ್ಲಿಯಾದರೋ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳಿದ್ದು, ಕ್ರಮವಾಗಿ ಮೂರು, ನಾಲ್ಕು, ಐದು, ಏಳು, ಒಂಬತ್ತರ ಎಣಿಕೆಗಳು ಒಂದರೊಳಗೊಂದು ಹೆಣೆದುಕೊಳ್ಳಬಲ್ಲವು. ‘ತಕಧಿಮಿ’, ‘ತದಿಗಿಣತೊಂ’ ಮುಂತಾದ ಸೊಲ್ಲುಕಟ್ಟುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲ್ ಕಲೆಯಿಂದಾಗಿ ಈ ಲೆಕ್ಕಾಚಾರವು ವಾದ್ಯಕ್ಕೆ ಬರುವ ಮೊದಲೇ ನಾಲಗೆಯ ಮೇಲೆ ಸಿದ್ಧವಾಗುತ್ತದೆ, ಮತ್ತು ಒಂದೇ ಭಾಷೆ ಆಡದ ಇಬ್ಬರು ಕಲಾವಿದರೂ ಅದರ ಮೂಲಕ ಪರಸ್ಪರ ಅರಿಯಬಹುದು. ಮೂರು ಸಲ ಆವರ್ತನೆಗೊಂಡು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಕರಾರುವಾಕ್ಕಾಗಿ ಬಂದು ಸೇರುವ ಮುಕ್ತಾಯವು ಡ್ರಮ್ ವಾದಕನಿಗೆ ಒಡ್ಡುವ ಸವಾಲು ಸಣ್ಣದಲ್ಲ. ಆದ್ದರಿಂದ ಬೆಂಗಳೂರಿನವರನ್ನು ಇಂಥ ಸಹಯೋಗದಲ್ಲಿ ಕೇವಲ ಬಣ್ಣ ತುಂಬಿದ ಅತಿಥಿಗಳೆಂದು ಕಾಣುವುದು ಅನ್ಯಾಯ. ಲಯದ ವ್ಯಾಕರಣವನ್ನೇ ಜೊತೆಗೆ ಕೊಂಡೊಯ್ದವರು ಅವರು.

ಇಷ್ಟಾದರೂ ‘ಜರ್ಮನಿಸ್ತಾನ್’ ಕೇಳುಗರ ನೆನಪಿನಿಂದ ಹಿಂದೆ ಸರಿಯಿತು; ಅದಕ್ಕೆ ಮುಖ್ಯ ಕಾರಣ ಅದೇ ತಂಡದ ಮುಂದಿನ ಯಶಸ್ಸು. ಮೊರಾಕ್ಕೊದ ‘ಲೆಂ ಶಹೆಬ್’ ತಂಡದೊಂದಿಗೆ 1984ರಲ್ಲಿ ಹೊರಬಂದ ‘ಸಹಾರಾ ಎಲೆಕ್ಟ್ರಿಕ್’ ಮತ್ತು ಅದರ ‘ಫಾತಾ ಮೊರ್ಗಾನಾ’ ಗೀತೆ ಯುರೋಪಿನ ನೃತ್ಯಶಾಲೆಗಳನ್ನು ತಲುಪಿದ ಮೇಲೆ ಡಿಸಿಡೆಂಟನ್ ಎಂದರೆ ಮೊರಾಕ್ಕೊ ಎಂಬ ಭಾವನೆಯೇ ಬೇರೂರಿತು. ಬೆಂಗಳೂರಿನ ಕಡೆಯಿಂದ ನೋಡಿದರೂ, 1983ರ ಫೆಬ್ರುವರಿಯಲ್ಲಿ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮುದ್ರಣಗೊಂಡ ‘ಜ್ಯೋತಿ’ಯೇ ಹೆಚ್ಚು ಪ್ರಸಿದ್ಧ, ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಇವೆ. ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ಡ್ರಮ್ ನುಡಿಸಿ, ಆಮೇಲೆ ಮಣಿ ಅವರ ಶಾಲೆಯಲ್ಲಿ ಕಲಿತು, ಜರ್ಮನಿಯಲ್ಲಿ ನೆಲೆಸಿದ ರಮೇಶ್ ಶೋತಂ ಅವರೂ ಇದೇ ಪರಂಪರೆಯವರು.

ಟಿ.ಎ.ಎಸ್. ಮಣಿ 2020ರಲ್ಲಿ ನಿಧನರಾದರು. ಯಲಹಂಕ, ಬಾಗಲೂರು, ಹೆಬ್ಬಾಳಗಳಲ್ಲಿ ಇಂದು ಡ್ರಮ್ ಕಲಿಯುತ್ತಿರುವ ಯುವಕರು ‘ಜರ್ಮನಿಸ್ತಾನ್’ ಮತ್ತು ‘ಜ್ಯೋತಿ’ ಎರಡನ್ನೂ ಒಂದರ ಬಳಿಕ ಒಂದರಂತೆ ಕೇಳಬೇಕು. ಬೆಂಗಳೂರಿನ ಧ್ವನಿಮುದ್ರಿಕೆಗಳ ಪಟ್ಟಿ ಮಾಡುವವರು 1982ರ ಸಾಲಿನಲ್ಲಿ ‘ಜರ್ಮನಿಸ್ತಾನ್’ ಹೆಸರನ್ನು ತಪ್ಪದೆ ಸೇರಿಸಬೇಕು.