ಬಳ್ಳಾರಿಯ ಮತ, ಫ್ಲೋರಿಡಾದ ಮತ: ಒಂದು ಲೆಕ್ಕದ ಪಾಠ

 

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಆ ದೇಶದ ನಕ್ಷೆ ಕಾಣಿಸಿಕೊಳ್ಳುತ್ತದೆ. ಕೆಲವು ರಾಜ್ಯಗಳಿಗೆ ಕೆಂಪು ಬಣ್ಣ, ಕೆಲವಕ್ಕೆ ನೀಲಿ ಬಣ್ಣ. ಅದನ್ನು ನೋಡಿದ ಮಕ್ಕಳು ತರಗತಿಯಲ್ಲಿ ಕೇಳುವುದುಂಟು: “ಟೀಚರ್, ಆ ಕೆಂಪು ರಾಜ್ಯದವರೆಲ್ಲ ಒಬ್ಬರಿಗೇ ಓಟು ಹಾಕಿದರಾ?” ಪ್ರಶ್ನೆ ಮಕ್ಕಳದು ನಿಜ. ಆದರೆ ದೊಡ್ಡವರಾದ ನಾವು ಮಾತನಾಡುವುದೂ ಹಾಗೆಯೇ ಅಲ್ಲವೇ? “ಆ ಊರು ಆ ಪಕ್ಷದ್ದು”, “ಆ ಓಣಿಯ ಓಟು ಇಂಥವರಿಗೇ ಗ್ಯಾರಂಟಿ”, “ನಾನೊಬ್ಬ ಹಾಕದಿದ್ದರೆ ಏನಾಗುತ್ತದೆ?” ಈ ಮೂರು ಮಾತುಗಳನ್ನು ಚಹಾದ ಅಂಗಡಿಯಿಂದ ಹಿಡಿದು ಮದುವೆ ಮನೆಯವರೆಗೆ ಎಲ್ಲ ಕಡೆ ಕೇಳುತ್ತೇವೆ. ಇವು ಎಷ್ಟು ನಿಜ ಎಂಬುದನ್ನು ಇಂದು ಅಂಕಿಗಳ ಮುಂದಿಟ್ಟು ನೋಡೋಣ. ಯಾವ ಪಕ್ಷ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಈ ವೇದಿಕೆಯ ವಿಷಯವಲ್ಲ. ಲೆಕ್ಕ ಮಾತ್ರ ನಮ್ಮ ವಿಷಯ.

ದೂರದ ಅಮೆರಿಕಕ್ಕೆ ಹೋಗುವ ಮೊದಲು ನಮ್ಮ ಮನೆಯ ಅಂಗಳದಲ್ಲಿ ನಡೆದದ್ದನ್ನೇ ನೋಡೋಣ. 1999ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶದ ಕಣ್ಣು ಬಳ್ಳಾರಿಯ ಮೇಲಿತ್ತು. ನಮ್ಮ ಹೊಸಪೇಟೆ, ಸಂಡೂರುಗಳೂ ಆ ಕ್ಷೇತ್ರಕ್ಕೆ ಸೇರಿದ್ದವು. ಕಾಂಗ್ರೆಸ್ಸಿನಿಂದ ಸೋನಿಯಾ ಗಾಂಧಿ, ಭಾರತೀಯ ಜನತಾ ಪಕ್ಷದಿಂದ ಸುಷ್ಮಾ ಸ್ವರಾಜ್. ಇಬ್ಬರೂ ಹೊರಗಿನವರು. ಸುಷ್ಮಾ ಸ್ವರಾಜ್ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಕನ್ನಡದಲ್ಲೇ ಮಾತನಾಡಿದ್ದನ್ನು ಇಲ್ಲಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಭಾಷೆ ಕಲಿಸುವವರಿಗೆ ಅದು ಸಂತೋಷದ ಸುದ್ದಿಯೇ.

ಫಲಿತಾಂಶ ಬಂತು. ಸೋನಿಯಾ ಗಾಂಧಿಯವರಿಗೆ 4,14,650 ಮತಗಳು, ಸುಷ್ಮಾ ಸ್ವರಾಜ್ ಅವರಿಗೆ 3,58,550 ಮತಗಳು. ಅಂತರ 56,100. ಮರುದಿನ ಎಲ್ಲರೂ ಆಡಿದ ಮಾತು ಒಂದೇ: “ಬಳ್ಳಾರಿ ಕಾಂಗ್ರೆಸ್ಸಿನ ಕೋಟೆ.” ವಿದ್ಯಾರ್ಥಿಗಳೇ, ಈಗ ನೀವೇ ಪೆನ್ಸಿಲು ಹಿಡಿದು ಲೆಕ್ಕ ಮಾಡಿ. ಈ ಇಬ್ಬರ ಮತಗಳನ್ನು ಕೂಡಿಸಿದರೆ 7,73,200 ಆಗುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 54 ಗೆದ್ದವರಿಗೆ, 46 ಸೋತವರಿಗೆ. ಅಂದರೆ ಬಸ್ಸಿನಲ್ಲಿ ನೂರು ಜನ ಕುಳಿತಿದ್ದರೆ ಅವರಲ್ಲಿ 46 ಜನ ಬೇರೆ ಅಭಿಪ್ರಾಯದವರು! ಮೂರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಂದೇ ಶಬ್ದದಲ್ಲಿ ಅಳಿಸಿಹಾಕುವುದು ಯಾವ ನ್ಯಾಯ?

ಇನ್ನು ಕೋಟೆಯ ಮಾತು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಟೇಕೂರು ಸುಬ್ರಹ್ಮಣ್ಯಂ ಅವರು ಗೆದ್ದಾಗ ಬಳ್ಳಾರಿ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್ ಅವರು 1967ರಲ್ಲಿ ಮತ್ತು 1971ರಲ್ಲಿ ಇಲ್ಲಿಂದಲೇ ಆರಿಸಿ ಹೋದರು. ಕೇಂದ್ರದಲ್ಲಿ ಶಿಕ್ಷಣ ಸಚಿವರೂ ಆದರು. ಹೀಗೆ 1999ರವರೆಗೆ ಒಂದು ಸಲವೂ ತಪ್ಪದೆ ಕಾಂಗ್ರೆಸ್ಸೇ ಗೆದ್ದಿತ್ತು. ಸೋನಿಯಾ ಗಾಂಧಿಯವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. 2000ದ ಉಪಚುನಾವಣೆಯಲ್ಲಿಯೂ ಅದೇ ಪಕ್ಷದ ಕೋಳೂರು ಬಸವನಗೌಡರು ಗೆದ್ದರು. ಆದರೆ 2004ರಲ್ಲಿ ಏನಾಯಿತು? ಬಿ.ಜೆ.ಪಿ.ಯ ಜಿ. ಕರುಣಾಕರ ರೆಡ್ಡಿ ಗೆದ್ದರು. 2009ರಲ್ಲಿ ಅದೇ ಪಕ್ಷದ ಜೆ. ಶಾಂತಾ, 2014ರಲ್ಲಿ ಬಿ. ಶ್ರೀರಾಮುಲು. ಆಗ ಜನ “ಬಳ್ಳಾರಿ ಬಿ.ಜೆ.ಪಿ.ಯ ಕೋಟೆ” ಎನ್ನತೊಡಗಿದರು. 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳ ಅಂತರದಿಂದ ಗೆದ್ದರು. ವರ್ಷ ತುಂಬುವುದರೊಳಗೆ, 2019ರಲ್ಲಿ, ಅದೇ ಉಗ್ರಪ್ಪನವರು ಬಿ.ಜೆ.ಪಿ.ಯ ವೈ. ದೇವೇಂದ್ರಪ್ಪ ಅವರೆದುರು 55,707 ಮತಗಳಿಂದ ಸೋತರು. 2024ರಲ್ಲಿ ಸಂಡೂರಿನ ಶಾಸಕರಾಗಿದ್ದ ಕಾಂಗ್ರೆಸ್ಸಿನ ಈ. ತುಕಾರಾಂ 98,992 ಮತಗಳಿಂದ ಗೆದ್ದರು. ಹಾಗಾದರೆ ಕೋಟೆ ಯಾರದು? ಹಂಪಿಯ ನೆರೆಯಲ್ಲಿ ಬಾಳುವ ನಮಗೆ ಕೋಟೆಗಳ ಗತಿ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮತದಾರ ಯಾರ ಸೊತ್ತೂ ಅಲ್ಲ.

ಈ ಪಟ್ಟಿಯಲ್ಲಿ 2009ರ ಅಂತರವನ್ನು ಬೇಕೆಂದೇ ಹೇಳದೆ ಬಿಟ್ಟಿದ್ದೇನೆ. ಆ ವರ್ಷ ಜೆ. ಶಾಂತಾ ಅವರಿಗೆ 4,02,213 ಮತಗಳು, ಕಾಂಗ್ರೆಸ್ಸಿನ ಎನ್.ವೈ. ಹನುಮಂತಪ್ಪ ಅವರಿಗೆ 3,99,970. ಅಂತರ ಕೇವಲ 2,243! ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ವಿಜಯನಗರ, ಕಂಪ್ಲಿ, ಸಂಡೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಬಳ್ಳಾರಿ ನಗರ, ಬಳ್ಳಾರಿ ಗ್ರಾಮೀಣ. ಎಂಟರಿಂದ ಭಾಗಿಸಿದರೆ ಒಂದೊಂದಕ್ಕೆ ಸುಮಾರು 280 ಮತ. ನಮ್ಮ ಒಂದು ದೊಡ್ಡ ಮದುವೆಗೆ ಬರುವ ಜನ ಇದಕ್ಕಿಂತ ಹೆಚ್ಚು. ಗೆದ್ದವರಿಗೆ ಹಾಕಿದವರಲ್ಲಿ 1,122 ಜನ ಮನಸ್ಸು ಬದಲಿಸಿದ್ದರೆ ದೆಹಲಿಗೆ ಹೋಗುವವರೇ ಬೇರೆಯಾಗುತ್ತಿದ್ದರು. “ನಾನೊಬ್ಬ ಹಾಕದಿದ್ದರೆ ಏನಾಗುತ್ತದೆ” ಎನ್ನುವವರಿಗೆ ಈ ಅಂಕಿಯೇ ಉತ್ತರ.

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿ ಅಧ್ಯಕ್ಷರನ್ನು ಆರಿಸಲು ಒಟ್ಟು 538 ಎಲೆಕ್ಟರುಗಳಿದ್ದಾರೆ. ಗೆಲ್ಲಲು 270 ಬೇಕು. ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರುಗಳು. ಮೇನ್ ಮತ್ತು ನೆಬ್ರಾಸ್ಕಾ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ ಯಾರಿಗೆ ಹೆಚ್ಚು ಮತ ಬಂತೋ ಅವರಿಗೆ ಆ ರಾಜ್ಯದ ಅಷ್ಟೂ ಎಲೆಕ್ಟರುಗಳು ಸಿಗುತ್ತಾರೆ. ನಮ್ಮಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ಇಡೀ ಕ್ಷೇತ್ರ ಸಿಗುವುದಿಲ್ಲವೇ, ಹಾಗೆ. ನಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಬಣ್ಣ ಬಳಿಯುವುದು ಇದೇ ಕಾರಣಕ್ಕೆ.

2000ದ ನವೆಂಬರ್ 7ರಂದು ಅಲ್ಲಿ ಚುನಾವಣೆ ನಡೆಯಿತು. ಜಾರ್ಜ್ ಬುಷ್ ಮತ್ತು ಆಲ್ ಗೋರ್ ನಡುವೆ ಸ್ಪರ್ಧೆ. ಕೊನೆಗೆ ಎಲ್ಲವೂ ಫ್ಲೋರಿಡಾ ಎಂಬ ಒಂದು ರಾಜ್ಯದ ಮೇಲೆ ನಿಂತಿತು. ಆ ರಾಜ್ಯಕ್ಕೆ 25 ಎಲೆಕ್ಟರುಗಳು. ಸುಮಾರು 60 ಲಕ್ಷ ಜನ ಅಲ್ಲಿ ಮತ ಹಾಕಿದ್ದರು. ಬುಷ್ ಅವರಿಗೆ 29,12,790, ಗೋರ್ ಅವರಿಗೆ 29,12,253. ಅಂತರ 537! ಆ ರಾಜ್ಯದಲ್ಲಿ 67 ಕೌಂಟಿಗಳಿವೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯ ಹಾಗೆ. ಭಾಗಿಸಿದರೆ ಒಂದೊಂದಕ್ಕೆ ಎಂಟು ಮತ. ಮರುಎಣಿಕೆಯ ಜಗಳ ಐದು ವಾರ ನಡೆದು, ಡಿಸೆಂಬರ್ 12ರಂದು ಅಲ್ಲಿಯ ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಮುಗಿಯಿತು. ಇಡೀ ದೇಶದಲ್ಲಿ ಗೋರ್ ಅವರಿಗೆ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿದ್ದರೂ 271 ಎಲೆಕ್ಟರುಗಳೊಂದಿಗೆ ಬುಷ್ ಅಧ್ಯಕ್ಷರಾದರು. ಆಮೇಲೆ ಅಫ್ಘಾನಿಸ್ತಾನದಲ್ಲಿ, ಇರಾಕಿನಲ್ಲಿ ನಡೆದ ಯುದ್ಧಗಳು ಅವರ ಕಾಲದಲ್ಲಿಯೇ ಆದವು. ಗೋರ್ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ನಿರ್ಧಾರ ಯಾರ ಕೈಗೆ ಹೋಗಬೇಕು ಎಂಬುದು 537 ಜನರ ಮೇಲೆ ನಿಂತಿತ್ತು ಎಂಬುದಂತೂ ನಿಜ.

ಫ್ಲೋರಿಡಾದ ಇನ್ನೊಂದು ಸಂಗತಿ ನಮಗೆ ತುಂಬ ಹತ್ತಿರದ್ದು. ಅಪರಾಧಿಗಳಿಗೆ ಅಲ್ಲಿ ಮತದಾನದ ಹಕ್ಕು ಇರಲಿಲ್ಲ. ಅಂಥವರನ್ನು ಮತದಾರರ ಪಟ್ಟಿಯಿಂದ ತೆಗೆಯಲು ಚುನಾವಣೆಗೆ ಮೊದಲು ಒಂದು ಪಟ್ಟಿ ತಯಾರಿಸಿದರು. ಹೆಸರು ಪೂರ್ತಿ ಹೊಂದಬೇಕಾಗಿರಲಿಲ್ಲ, ಸುಮಾರಾಗಿ ಹೊಂದಿದರೂ ಸಾಕಾಗಿತ್ತು. ಹೀಗಾಗಿ ಯಾವ ತಪ್ಪನ್ನೂ ಮಾಡದವರ ಹೆಸರುಗಳೂ ಅದರಲ್ಲಿ ಸೇರಿಕೊಂಡವು. ಅವರಲ್ಲಿ ಕಪ್ಪು ಜನಾಂಗದವರ ಪ್ರಮಾಣ ಹೆಚ್ಚಾಗಿತ್ತು. ಮತಗಟ್ಟೆಗೆ ಹೋದಾಗ “ನಿಮ್ಮ ಹೆಸರಿಲ್ಲ” ಎಂಬ ಉತ್ತರ ಕೇಳಿ ಹಿಂದಿರುಗಿದವರುಂಟು.

ಇದನ್ನು ಕೇಳಿದಾಗ ನಮ್ಮ ಹೆಸರುಗಳ ನೆನಪಾಗುವುದಿಲ್ಲವೇ? ಉರ್ದುವಿನಲ್ಲಿ ಬರೆದರೆ ಒಂದೇ ಹೆಸರು. ಕನ್ನಡದ ಪಟ್ಟಿಗೆ ಬಂದಾಗ ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂದು ಮೂರು. ಶಾಲೆಯ ದಾಖಲೆಯಲ್ಲಿ ಮೆಹಬೂಬ್ ಸಾಹೇಬ್, ಪಡಿತರ ಚೀಟಿಯಲ್ಲಿ ಮಾಬುಸಾಬ. ಒಂದು ಕಡೆ ಖಾಜಾ, ಇನ್ನೊಂದು ಕಡೆ ಕಾಜಾ. ಹೆಣ್ಣುಮಕ್ಕಳ ಹೆಸರಿನ ಮುಂದೆ ಒಂದು ಕಡೆ ‘ಬೇಗಂ’, ಒಂದು ಕಡೆ ‘ಬೀ’, ಒಂದು ಕಡೆ ಏನೂ ಇಲ್ಲ. ಇದು ನಮಗೊಬ್ಬರಿಗೇ ಇರುವ ತೊಂದರೆಯಲ್ಲ. ಹೊನ್ನೂರಸಾಬನ ಹಾಗೆ ಹೊನ್ನೂರಪ್ಪನ ಹೆಸರನ್ನೂ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಮದುವೆಯಾಗಿ ಕಂಪ್ಲಿಯಿಂದ ಹೊಸಪೇಟೆಗೆ ಬಂದ ಮಗಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಗೌಂಡಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಕುಟುಂಬ ಬಂದು ನೋಡುವಷ್ಟರಲ್ಲಿ ಹೆಸರು ಬಿಟ್ಟುಹೋಗಿರುತ್ತದೆ.

ನಮ್ಮ ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋಯಿತು. ಉಳಿದ 32 ನಿಂತೇ ಇದ್ದವು. ಆದರೂ ತುಂಬಿದ ಜಲಾಶಯದ ನೀರು ಹೊಳೆಗೆ ಹೋಯಿತು, ರೈತರ ಎದೆ ನಡುಗಿತು. ಒಂದು ಗೇಟಿನ ಸರಪಳಿಯನ್ನು ಸಕಾಲದಲ್ಲಿ ನೋಡಿಕೊಳ್ಳುವ ಬೆಲೆ ಏನೆಂದು ಆ ರಾತ್ರಿ ತಿಳಿಯಿತು. ಪಟ್ಟಿಯಲ್ಲಿಯ ಒಂದು ಹೆಸರೂ ಹಾಗೆಯೇ. ಚುನಾವಣೆಯ ದಿನ ಬೆಳಿಗ್ಗೆ ಹುಡುಕಿದರೆ ಪ್ರಯೋಜನವಿಲ್ಲ.

ಆದ್ದರಿಂದ ಪಾಲಕರಲ್ಲಿ, ಈ ಪುಟಗಳನ್ನು ಓದುತ್ತಿರುವ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿರುವ ಎಲ್ಲ ಕಾಗದಗಳನ್ನು ಒಮ್ಮೆ ಹರಡಿಕೊಂಡು ಕುಳಿತುಕೊಳ್ಳಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು ಎಲ್ಲದರಲ್ಲೂ ಒಂದೇ ರೀತಿ ಇವೆಯೇ ನೋಡಿ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ತಿದ್ದುಪಡಿಗೆ ಮತ್ತು ಮನೆ ಬದಲಿಸಿದ್ದರೆ ನಮೂನೆ 8. ಹದಿನೆಂಟು ತುಂಬಿದವರು ವರ್ಷಕ್ಕೆ ಒಂದೇ ಸಲ ಕಾಯುವ ಕಾಲ ಹೋಗಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಮತಗಟ್ಟೆ ಮಟ್ಟದ ಅಧಿಕಾರಿ ಬಹಳ ಕಡೆ ನಿಮಗೆ ಪರಿಚಯವಿರುವ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಕೇಳಲು ಸಂಕೋಚ ಬೇಡ. ಓದು ಬಾರದ ಅಜ್ಜಿಯ ಅರ್ಜಿಯನ್ನು ಒಂಬತ್ತನೆಯ ತರಗತಿಯ ಮೊಮ್ಮಗಳು ತುಂಬಿಕೊಡಲಿ. ಅವಳು ಕಲಿತ ವಿದ್ಯೆ ಮನೆಗೆ ಮೊದಲು ಉಪಯೋಗವಾಗಲಿ.

ಇನ್ನು ಯಾರಾದರೂ ಬಂದು “ನಿಮ್ಮ ಮೊಹಲ್ಲಾದ ಓಟು ಪೂರ್ತಿ ನಮ್ಮದೇ” ಎಂದರೆ, ಅಥವಾ “ಆ ಓಣಿಯವರು ನಮಗೆ ಹಾಕುವವರೇ ಅಲ್ಲ” ಎಂದರೆ, ಅವರ ಮುಂದೆ ಬಳ್ಳಾರಿಯ ಲೆಕ್ಕ ಇಡಿ. ನಮ್ಮನ್ನು ಇನ್ನೊಬ್ಬರು ಮೊದಲೇ ಎಣಿಸಿಟ್ಟುಕೊಳ್ಳುವುದು ಬೇಡ. ನೆರೆಯವರನ್ನು ನಾವು ಹಾಗೆ ಎಣಿಸುವುದೂ ಬೇಡ. ನಕ್ಷೆಗೆ ಬಣ್ಣ ಬಳಿಯುವವರು ಬಳಿಯಲಿ. ಒಂದೊಂದು ಬಣ್ಣದ ಕೆಳಗೂ ಒಬ್ಬೊಬ್ಬರಾಗಿ ಯೋಚಿಸಿ ಸಾಲಿನಲ್ಲಿ ನಿಂತ ಜನರಿದ್ದಾರೆ ಎಂಬುದನ್ನು ನಮ್ಮ ಮಕ್ಕಳು ಅರಿತರೆ ಸಾಕು, ಪೌರನೀತಿಯ ಪಾಠ ಸಾರ್ಥಕವಾಯಿತು.